ಬೀದಿಯಿಂದ ಬಂದ ದೊಡ್ಡ ನಾಯಿ, ಮನೆಯಲ್ಲಿ ಇಬ್ಬರು ಮಕ್ಕಳು: ಹೊಂದಿಕೊಳ್ಳಲು ಏನು ಮಾಡಬೇಕು?

ಮೈಸೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೆ ಒಂದು ಹೆಣ್ಣು ನಾಯಿ ತಂದಿದ್ದೇವೆ. ಮರಿ ಅಲ್ಲ, ದೊಡ್ಡದು. ಹಲ್ಲು ನೋಡಿ ನಾಲ್ಕೈದು ವರ್ಷ ಇರಬಹುದು ಅಂತ ಡಾಕ್ಟರು ಹೇಳಿದರು. ನಮ್ಮ ಬೀದಿನಾಯಿಯೇ, ಕಂದು ಬಣ್ಣ. ಕಿವಿಯ ತುದಿ ಕತ್ತರಿಸಿದ ಗುರುತಿದೆ, ಅಂದರೆ ಸಂತಾನಹರಣ ಆಪರೇಷನ್ ಆಗಿದೆ. ಸ್ಕೂಟರ್ ಗುದ್ದಿ ಹಿಂಗಾಲು ಮುರಿದಿದ್ದ ಇದನ್ನು ಒಂದು ಆಶ್ರಯಧಾಮದವರು ತಿಂಗಳುಗಟ್ಟಲೆ ನೋಡಿಕೊಂಡಿದ್ದರು. ಕೆಂಚಿ ಅಂತ ಕರೆಯುತ್ತೇವೆ.

ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಅತ್ತೆಯವರೂ ಜೊತೆಗಿದ್ದಾರೆ. ಬಂದ ದಿನದಿಂದ ಕೆಂಚಿ ಊಟದ ಮೇಜಿನ ಕೆಳಗಿಂದ ಹೊರಗೆ ಬರುವುದೇ ಕಡಿಮೆ. ನಾವು ಮಲಗಿದ ಮೇಲೆ ಎದ್ದು ಬಂದು ತಿನ್ನುತ್ತದೆ. ಮಿಕ್ಸಿ ಹಾಕಿದರೆ ನಡುಗುತ್ತದೆ. ಮಕ್ಕಳಿಗೆ ಅದನ್ನು ತಬ್ಬಿಕೊಳ್ಳುವ ಆಸೆ, ಎಷ್ಟು ಹೇಳಿದರೂ ಮೇಜಿನ ಹತ್ತಿರವೇ ಸುಳಿದಾಡುತ್ತಾರೆ. ನಿನ್ನೆ ಸಂಜೆ ಮಗ ಮೇಜಿನ ಕೆಳಗೆ ತೂರಿ ಕೈ ಚಾಚಿದ, ಅದು ಗುರ್ ಅಂದಿತು. ಕಚ್ಚಲಿಲ್ಲ. ಆದರೆ ಮನೆಯಲ್ಲಿ ಎಲ್ಲರೂ ಹೆದರಿದ್ದೇವೆ. ಮಗುವಿಗೆ ಗುರುಗುಟ್ಟಿದ ನಾಯಿಯನ್ನು ಇಟ್ಟುಕೊಳ್ಳಬೇಡಿ, ವಾಪಸ್ ಬಿಟ್ಟು ಬನ್ನಿ ಅಂತ ಮೈದುನ ಹೇಳುತ್ತಿದ್ದಾನೆ. ನನಗೆ ಬಿಡಲು ಮನಸ್ಸಿಲ್ಲ, ಹಾಗಂತ ಮಗನ ವಿಷಯದಲ್ಲಿ ಧೈರ್ಯವೂ ಇಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಧಾರವಾಡದವ

ನಿಮ್ಮ ಮೈದುನ ಹೇಳುವುದರಲ್ಲಿ ತಪ್ಪೇನಿಲ್ಲ. ನಾಲ್ಕು ವರ್ಷದ ಮಗು ಅಂದರೆ ಅದರ ಮುಖ ನಾಯಿಯ ಬಾಯಿಯ ಮಟ್ಟಕ್ಕೇ ಇರುತ್ತದೆ. ಚಿಕ್ಕ ಮಕ್ಕಳಿಗೆ ಕಚ್ಚಿದಾಗ ಜಾಸ್ತಿ ಗಾಯ ಆಗುವುದು ಮುಖ, ತಲೆ, ಕುತ್ತಿಗೆಗೆ. ನಾನು ನಾಯಿ ವಿರೋಧಿ ಅಲ್ಲ, ನಮ್ಮ ಮನೆಯಲ್ಲೂ ಎರಡಿವೆ. ಆದರೆ ಬೀದಿಯಲ್ಲಿ ಬೆಳೆದ ದೊಡ್ಡ ನಾಯಿ ಹಿಂದೆ ಏನೇನು ಅನುಭವಿಸಿದೆಯೋ ಯಾರಿಗೆ ಗೊತ್ತು? ಮಕ್ಕಳಿಲ್ಲದ ಮನೆ ಸಿಕ್ಕರೆ ಅದಕ್ಕೂ ನೆಮ್ಮದಿ ಅಲ್ವಾ?

ಹಾಸನದ ಫಾಸ್ಟರ್ ಅಕ್ಕ

ನಾನು ಆಶ್ರಯಧಾಮದಿಂದ ಬರುವ ದೊಡ್ಡ ನಾಯಿಗಳನ್ನು ಹೊಸ ಮನೆ ಸಿಗುವ ತನಕ ಸಾಕುತ್ತೇನೆ. ಅದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಆ ಗುರ್ ಬಗ್ಗೆ. ಅದು ಗುರ್ ಅಂದಿದ್ದಕ್ಕೆ ನಾನು ಸಂತೋಷಪಡುತ್ತೇನೆ. ಬಚ್ಚಿಟ್ಟುಕೊಂಡಿದ್ದ ಜಾಗಕ್ಕೆ ಮಗು ನುಗ್ಗಿ ಕೈ ಚಾಚಿದೆ, ಹಿಂದೆ ಗೋಡೆ, ಓಡಲು ದಾರಿ ಇಲ್ಲ. ಅಷ್ಟಾದರೂ ಕೆಂಚಿ ಕಚ್ಚದೆ ಎಚ್ಚರಿಸಿದೆ. ಗುರ್ ಅನ್ನುವುದಕ್ಕೂ ಮೊದಲು ಇನ್ನೂ ಬೇರೆ ರೀತಿಯಲ್ಲಿ ಹೇಳಿರುತ್ತದೆ, ನಮಗೆ ಕಂಡಿರುವುದಿಲ್ಲ ಅಷ್ಟೇ. ನಿದ್ದೆ ಬಾರದಿದ್ದರೂ ಆಕಳಿಸುವುದು. ಎದುರಿಗೆ ತಿಂಡಿ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು. ಮುಖ ಆಚೆ ತಿರುಗಿಸಿ ಕಣ್ಣಂಚಿನಲ್ಲಿ ನೋಡುವುದು, ಆಗ ಕಣ್ಣಿನ ಬಿಳಿಭಾಗ ಕಾಣುತ್ತದೆ. ಕಿವಿ ಹಿಂದಕ್ಕೆ ಮಡಚುವುದು, ಬಾಲ ಹೊಟ್ಟೆಯ ಕೆಳಗೆ ಸೇರಿಸುವುದು. ಆಮೇಲೆ ಮೈಯೆಲ್ಲ ಮರಗಟ್ಟಿದ ಹಾಗೆ ಬಿಗಿಯಾಗುವುದು, ಅದು ತುಂಬಾ ಮುಖ್ಯ. ಇಷ್ಟೆಲ್ಲ ಆದ ಮೇಲೆ ಗುರ್. ಗುರ್‌ಗೂ ಯಾರೂ ಕಿವಿಗೊಡದಿದ್ದರೆ ಮೈಗೆ ತಾಗದ ಹಾಗೆ ಗಾಳಿಯಲ್ಲಿ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು. ಬಾಲ ಅಲ್ಲಾಡಿಸಿದರೆ ಖುಷಿ ಅಂತ ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅದೂ ಯಾವಾಗಲೂ ನಿಜ ಅಲ್ಲ. ಬಾಲ ಮೇಲೆ ನೆಟ್ಟಗೆ ನಿಂತು ಚುರುಕಾಗಿ ಅಲ್ಲಾಡುತ್ತಿದ್ದು, ಮೈ ಬಿಗಿಯಾಗಿದ್ದರೆ ದೂರ ನಿಲ್ಲಬೇಕು.

ಹಾಗಾಗಿ ಗುರ್ ಅಂದಿದ್ದಕ್ಕೆ ಬೈಯಬೇಡಿ, ಹೊಡೆಯಬೇಡಿ. ಬೈದರೆ ಗುರ್ ನಿಲ್ಲಬಹುದು, ಒಳಗಿನ ಹೆದರಿಕೆ ಹಾಗೇ ಇರುತ್ತದೆ. ಮುಂದಿನ ಸಲ ಸೂಚನೆ ಕೊಡದೆ ಕಚ್ಚುವ ನಾಯಿ ಆಗುತ್ತದೆ. ಮಗುವನ್ನು ಶಾಂತವಾಗಿ ಈಚೆ ಕರೆದುಕೊಳ್ಳಿ, ಅಷ್ಟೇ.

ಎರಡನೆಯದು, ನನ್ನ ಪ್ರಕಾರ ಇದೇ ಮುಖ್ಯ. ಈಗ ಕಲಿಸಬೇಕಾಗಿರುವುದು ನಾಯಿಗಲ್ಲ, ಮಕ್ಕಳಿಗೆ. ನಾಯಿ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಅದು ಹೊರಗೆ ಬರದಿದ್ದರೆ ಬರದೇ ಇರಲಿ. ಮಕ್ಕಳು ಅದರ ಹತ್ತಿರ ಹೋಗಬಾರದು, ಅದೇ ಅವರ ಹತ್ತಿರ ಬರಬೇಕು. ಮಗಳಿಗೆ ಒಂಬತ್ತು ವರ್ಷ ಅಂದರೆ ಹೇಳಿದ್ದು ಅರ್ಥವಾಗುತ್ತದೆ. ಮಗನಿಗೆ ನಾಲ್ಕು, ಅವನಿಗೆ ಎಷ್ಟು ಹೇಳಿದರೂ ಅರ್ಧ ಗಂಟೆಗೆ ಮರೆತುಹೋಗುತ್ತದೆ. ಅದು ಅವನ ತಪ್ಪಲ್ಲ, ವಯಸ್ಸೇ ಹಾಗೆ. ಅದಕ್ಕೇ ಅವನ ಮತ್ತು ನಾಯಿಯ ಮಧ್ಯೆ ಬರೀ ನಿಯಮ ಇದ್ದರೆ ಸಾಲದು. ಒಂದೋ ಒಬ್ಬರು ದೊಡ್ಡವರು ಇರಬೇಕು, ಇಲ್ಲವೇ ಒಂದು ಬಾಗಿಲು ಇರಬೇಕು. ದೊಡ್ಡವರು ಅಂದರೆ ಅಡುಗೆಮನೆಯಿಂದ ಆಗಾಗ ಬಗ್ಗಿ ನೋಡುವುದಲ್ಲ, ಫೋನ್ ಕೆಳಗಿಟ್ಟು ಅಲ್ಲೇ ಕೂತಿರುವುದು. ಅಷ್ಟು ಬಿಡುವಿಲ್ಲದ ಹೊತ್ತಿನಲ್ಲಿ ಬಾಗಿಲು ಹಾಕಿ. ಮೆಟ್ಟಿಲಿಗೆ ಹಾಕುವ ಮಕ್ಕಳ ಸೇಫ್ಟಿ ಗೇಟ್ ಆನ್‌ಲೈನಲ್ಲಿ ಸಿಗುತ್ತದೆ, ಬಡಗಿಯ ಹತ್ತಿರ ಹೇಳಿ ಅರ್ಧ ಬಾಗಿಲು ಮಾಡಿಸಿದರೂ ಆಯಿತು. ಕಾಣಬೇಕು, ವಾಸನೆ ಸಿಗಬೇಕು, ಆದರೆ ಮುಟ್ಟಲು ಆಗಬಾರದು.

ಮೂರನೆಯದು, ಅದಕ್ಕೆ ಅದರದ್ದೇ ಜಾಗ ಕೊಡಿ. ಊಟದ ಮೇಜಿನ ಕೆಳಗೆ ಬೇಡ, ಅಲ್ಲಿ ದಿನವಿಡೀ ಕಾಲು, ಕುರ್ಚಿ, ತಟ್ಟೆಯ ಸದ್ದು. ಜನ ಓಡಾಡದ ಒಂದು ಮೂಲೆ, ಮೆಟ್ಟಿಲ ಕೆಳಗಾದರೂ ಸರಿ. ಹಳೆ ಹೊದಿಕೆ ಹಾಸಿ, ಪಕ್ಕದಲ್ಲಿ ನೀರಿಡಿ. ಗ್ರಾನೈಟ್ ನೆಲದಲ್ಲಿ ಬೀದಿ ನಾಯಿಗಳ ಕಾಲು ಜಾರುತ್ತದೆ, ಇದಕ್ಕಂತೂ ಹಿಂಗಾಲು ಮುರಿದಿತ್ತು ಅಂತೀರಿ. ಆ ಮೂಲೆಯಿಂದ ಹೊರಬಾಗಿಲ ತನಕ ಚಾಪೆಯೋ ಗೋಣಿಚೀಲವೋ ಹಾಸಿ ನೋಡಿ, ಓಡಾಟ ಜಾಸ್ತಿ ಆಗುತ್ತದೆ. ಆ ಮೂಲೆಗೆ ಮಕ್ಕಳು ಯಾವ ಕಾರಣಕ್ಕೂ ಹೋಗಬಾರದು. ಚೆಂಡು ಉರುಳಿ ಹೋದರೂ ನೀವೇ ತೆಗೆದುಕೊಡಿ.

ದಿನದ ಲೆಕ್ಕ ಕೇಳಿದರೆ, ನಾಯಿ ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಹೇಳುತ್ತಾರೆ. ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸಲು ಶುರುವಾಗುತ್ತದೆ. ಇದೊಂದು ಅಂದಾಜು ಅಷ್ಟೇ. ಹೆದರಿದ ಬೀದಿ ನಾಯಿಗೆ ಇನ್ನೂ ಜಾಸ್ತಿ ಹಿಡಿಯಬಹುದು. ನಿಮ್ಮದು ಇನ್ನೂ ಒಂದು ವಾರ. ಒಂದು ವಾರಕ್ಕೆ ನಾಯಿಯ ಸ್ವಭಾವ ಹೀಗೇ ಅಂತ ತೀರ್ಪು ಕೊಡಬೇಡಿ.

ಧಾರವಾಡದವ

ಅಕ್ಕ, ಬಾಗಿಲು, ಗೇಟು ಎಲ್ಲ ಒಪ್ಪುತ್ತೇನೆ. ಆದರೆ ಎಷ್ಟು ಮನೆಯಲ್ಲಿ ಇದು ದಿನವೂ ನಡೆಯುತ್ತದೆ? ಒಂದು ದಿನ ಯಾರೋ ಮರೆತರೆ ಸಾಕು. ಯಾವ ಹಂತದಲ್ಲಿ ಇದು ಆಗುವುದಿಲ್ಲ ಅಂತ ನಿರ್ಧರಿಸಬೇಕು, ಅದನ್ನೂ ಹೇಳಿ.

ಹಾಸನದ ಫಾಸ್ಟರ್ ಅಕ್ಕ

ನ್ಯಾಯವಾದ ಪ್ರಶ್ನೆ. ಮೂಲೆಯಲ್ಲಿ ಸಿಕ್ಕಿಬಿದ್ದಾಗ ಗುರ್ ಅನ್ನುವುದು ಒಂದು. ದೂರದಲ್ಲಿ ಸುಮ್ನೆ ಆಡುತ್ತಿರುವ ಮಗುವನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಾ ಮೈ ಬಿಗಿ ಮಾಡುವುದು, ಮಗು ದೂರ ಸರಿದರೂ ಹಿಂದೆಯೇ ಹೋಗಿ ಎರಗುವುದು, ಸೂಚನೆಯೇ ಇಲ್ಲದೆ ಕಚ್ಚುವುದು ಬೇರೆ. ಹೀಗೇನಾದರೂ ಕಂಡರೆ ಅದೇ ದಿನದಿಂದ ಪೂರ್ತಿ ಬೇರೆ ಇಡಿ. ಡಾಕ್ಟರಿಗೂ, ನಾಯಿಯ ವರ್ತನೆ ತಿಳಿದವರಿಗೂ ತೋರಿಸಿ. ಮಕ್ಕಳಿಲ್ಲದ ಮನೆಯೇ ಸರಿ ಅಂತ ಅವರು ಹೇಳಿದರೆ ತಂದ ಜಾಗಕ್ಕೇ ತಿಳಿಸಿ, ಅವರೇ ಬೇರೆ ಮನೆ ಹುಡುಕಲಿ. ಬೀದಿಗೆ ಮಾತ್ರ ಬಿಡಬೇಡಿ. ಮನೆಯಲ್ಲಿ ಮಲಗಿ ರೂಢಿಯಾದ ನಾಯಿಯನ್ನು ಗುರುತಿಲ್ಲದ ಬೀದಿಗೆ ಬಿಟ್ಟರೆ ಅಲ್ಲಿನ ನಾಯಿಗಳೂ ಬಿಡುವುದಿಲ್ಲ, ವಾಹನಗಳೂ ಬಿಡುವುದಿಲ್ಲ. ಇದೊಂದು ಮಾತನ್ನು ಕೈ ಮುಗಿದು ಕೇಳುತ್ತೇನೆ.

ಶಿವಮೊಗ್ಗದ ಪಶುವೈದ್ಯ

ಸ್ವಭಾವದ ಬಗ್ಗೆ ಯೋಚಿಸುವ ಮೊದಲು ನೋವಿದೆಯಾ ನೋಡಿ. ಮುರಿದು ಕೂಡಿದ ಕಾಲು ಚಳಿಗೆ, ಮಳೆಗೆ ನೋಯಬಹುದು. ಕಿವಿಯ ಸೋಂಕು, ಹಾಳಾದ ಹಲ್ಲು ಇದ್ದರೂ ಮುಟ್ಟಲು ಬಿಡುವುದಿಲ್ಲ. ನೋವಿರುವ ನಾಯಿ ಬೇಗ ಗುರುಗುಟ್ಟುತ್ತದೆ. ಆದರೆ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ನಾಯಿಗೆ ವಿಷ.

ಒಂದು ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ ಬಹಳ. ಎರ್ಲಿಕಿಯಾ, ಬಬೇಸಿಯಾ ಎರಡೂ ಸಾಮಾನ್ಯ. ಮೇಲೆ ನೋಡಲು ಚೆನ್ನಾಗಿದ್ದರೂ ಒಳಗೆ ಇರಬಹುದು. ಊಟ ಬಿಡುವುದು, ಸುಸ್ತು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಇವು ಕಂಡರೆ ತಡ ಮಾಡಬೇಡಿ. ಉಣ್ಣೆಗೆ ಔಷಧಿ ವರ್ಷಪೂರ್ತಿ ಬೇಕು, ಬರೀ ಬೇಸಿಗೆಗಲ್ಲ.

ಮಕ್ಕಳಿರುವ ಮನೆಯಲ್ಲಿ ಜಂತುಹುಳದ ಔಷಧಿ ತಪ್ಪಿಸಬೇಡಿ. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಮಲದಲ್ಲಿರುವ ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ಬೆರೆತು ಮಕ್ಕಳ ಕೈಯಿಂದ ಬಾಯಿಗೆ ಹೋಗಬಹುದು. ಅಂಗಳದ ಮಲ ದಿನವೂ ತೆಗೆಯಿರಿ, ಊಟಕ್ಕೆ ಮೊದಲು ಮಕ್ಕಳು ಸೋಪಿನಲ್ಲಿ ಕೈ ತೊಳೆಯಲಿ.

ರೇಬಿಸ್ ಲಸಿಕೆಯ ಕಾರ್ಡ್ ಆಶ್ರಯಧಾಮದವರಿಂದ ಕೇಳಿ ಪಡೆಯಿರಿ. ಕಾರ್ಡ್ ಇಲ್ಲದಿದ್ದರೆ ಲಸಿಕೆ ಆಗಿಲ್ಲ ಅಂತಲೇ ತಿಳಿದು ಹಾಕಿಸಿ. ಲೆಪ್ಟೊಸ್ಪೈರೋಸಿಸ್ ಲಸಿಕೆಯನ್ನೂ ಕೇಳಿ, ಮಳೆಗಾಲದಲ್ಲಿ ಅದು ಮನುಷ್ಯರಿಗೂ ಬರುವ ಕಾಯಿಲೆ. ಇನ್ನೊಂದು ಮಾತು ಎಲ್ಲರಿಗೂ ಹೇಳುತ್ತೇನೆ. ಕಚ್ಚಿದರೆ, ಪರಚಿದರೆ ಅಥವಾ ಹಲ್ಲು ತಾಗಿ ಚರ್ಮ ಗೀರಿದರೆ, ರಕ್ತ ಬಾರದಿದ್ದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನಮ್ಮನೆ ನಾಯಿ, ಲಸಿಕೆ ಆಗಿದೆ ಅಂತ ಮನೆಯಲ್ಲೇ ತೀರ್ಮಾನಿಸಬೇಡಿ, ವೈದ್ಯರೇ ನಿರ್ಧರಿಸಲಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ನಾಯಿ ಪರಚಿದ್ದನ್ನು, ಬೈದಾರು ಅಂತ, ಮಕ್ಕಳು ಹೇಳದೇ ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಅಂತ ಅವರಿಗೆ ಮೊದಲೇ ಹೇಳಿಡಿ.

ತುಮಕೂರಿನ ಮೇಷ್ಟ್ರು

ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಮನೆಯಲ್ಲೂ ದತ್ತು ತಂದ ನಾಯಿ ಇದೆ. ಚಿಕ್ಕ ಮಕ್ಕಳಿಗೆ ಬೇಡ, ಬೇಡ ಅಂತ ಹೇಳಿದರೆ ಕೈ ಸುಮ್ನಿರುವುದಿಲ್ಲ. ಬದಲಿಗೆ ಏನು ಮಾಡಬೇಕು ಅಂತ ಹೇಳಿಕೊಡಬೇಕು. ನಾಯಿ ಹತ್ತಿರ ಬಂದರೆ ಮರದ ಹಾಗೆ ನಿಲ್ಲು ಅಂತ ಒಂದು ಆಟ ಇದೆ. ಕೈ ಕಟ್ಟಿಕೊಳ್ಳಬೇಕು, ನೆಲ ನೋಡಬೇಕು, ಮನಸ್ಸಿನಲ್ಲೇ ಎಣಿಸಬೇಕು. ಸುಮ್ಮನೆ ನಿಂತ ಮಗುವಿನ ಮೇಲೆ ನಾಯಿಗೆ ಆಸಕ್ತಿ ಕಡಿಮೆ. ಕಿರುಚಿ ಓಡಿದರೆ ಹಿಂದೆ ಬರುತ್ತದೆ. ಇದನ್ನು ಮೊದಲು ನಾಯಿ ಇಲ್ಲದಾಗ ಆಡಿಸಿ, ಅಪ್ಪನೇ ನಾಯಿ ಆಗಲಿ.

ಮಗಳಿಗೆ ಜವಾಬ್ದಾರಿ ಕೊಡಿ. ಕೆಂಚಿ ಇವತ್ತು ಎಷ್ಟು ಸಲ ಆಕಳಿಸಿತು, ಯಾವ ಸದ್ದಿಗೆ ಬೆಚ್ಚಿತು, ಎಲ್ಲಿ ಮಲಗಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಮುಟ್ಟುವುದಕ್ಕಿಂತ ನೋಡುವುದರಲ್ಲಿ ಮಕ್ಕಳಿಗೆ ಎಷ್ಟು ಖುಷಿ ಅಂತ ಗೊತ್ತಾದರೆ ನಿಮಗೇ ಆಶ್ಚರ್ಯವಾಗುತ್ತದೆ. ಮಗ ಪಕ್ಕದಲ್ಲಿ ಕೂತು ಚಿತ್ರ ಬಿಡಿಸಲಿ.

ಮುಟ್ಟುವ ದಿನ ಬಂದಾಗಲೂ ಒಂದು ಪದ್ಧತಿ ಇರಲಿ. ನಾಯಿ ತಾನೇ ಬಂದಾಗ ಮಾತ್ರ. ತಲೆಯ ಮೇಲೆ ಕೈ ತರಬೇಡಿ, ಎದೆ ಅಥವಾ ಭುಜದ ಹತ್ತಿರ ಮೂರು ಎಣಿಸುವ ತನಕ ಸವರಿ, ಕೈ ತೆಗೆದುಬಿಡಿ. ಮತ್ತೆ ಹತ್ತಿರ ಒರಗಿದರೆ ಇನ್ನೊಮ್ಮೆ. ಎದ್ದು ಹೋದರೆ ಅಲ್ಲಿಗೆ ಮುಗಿಯಿತು. ತಬ್ಬಿಕೊಳ್ಳುವುದು, ಮುಖಕ್ಕೆ ಮುಖ ತಾಗಿಸಿ ಮುದ್ದಿಸುವುದು ಬೇಡ. ನಮಗೆ ಅದು ಪ್ರೀತಿ. ನಾಯಿಗೆ ಮಾತ್ರ ಸಿಕ್ಕಿಹಾಕಿಕೊಂಡ ಅನುಭವ. ನಾಯಿಯನ್ನು ತಬ್ಬಿದ ಮಗುವಿನ ಫೋಟೋ ಗ್ರೂಪಿನಲ್ಲಿ ಬಂದಾಗ ನಾಯಿಯ ಕಣ್ಣು, ಕಿವಿ ನೋಡಿ. ಸುಮಾರು ಸಲ ಅದು ತಪ್ಪಿಸಿಕೊಳ್ಳಲು ನೋಡುತ್ತಿರುತ್ತದೆ.

ಬಾಗಲಕೋಟೆಯಿಂದ

ನಮ್ಮದು ಮುಧೋಳ ನಾಯಿ, ದೊಡ್ಡದಾದ ಮೇಲೆ ಬೇರೆಯವರು ಬಿಟ್ಟದ್ದನ್ನು ತಂದದ್ದು. ಬೇಟೆಗೆ ಮೂಗಿಗಿಂತ ಕಣ್ಣನ್ನೇ ನಂಬುವ ತಳಿ ಇದು, ಓಡುವುದನ್ನು ಕಂಡರೆ ಬೆನ್ನಟ್ಟುತ್ತದೆ. ಮನೆಯೊಳಗೆ ಮಕ್ಕಳು ಓಡಬಾರದು, ಓಡಾಟ ಏನಿದ್ದರೂ ಹೊರಗೆ ಅಂತ ನಿಯಮ ಮಾಡಿದ್ದೇವೆ. ಮಲಗಿದ್ದಾಗ ಮುಟ್ಟಿದರೆ ಬೆಚ್ಚಿಬೀಳುತ್ತದೆ, ಅದಕ್ಕೆ ದೂರದಿಂದ ಹೆಸರು ಕರೆದು ಎಬ್ಬಿಸುತ್ತೇವೆ. ಮಕ್ಕಳು ಈಗ ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಮೈಸೂರಿನ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊದಿಕೆಯನ್ನು ಮೆಟ್ಟಿಲ ಕೆಳಗೆ ಹಾಕಿದೆವು, ರಾತ್ರಿ ತಾನೇ ಹೋಗಿ ಮಲಗಿದೆ. ಬಡಗಿಗೂ ಹೇಳಿದ್ದೇವೆ. ಈಗ ಊಟದ ವಿಷಯ. ನಾವು ಸಸ್ಯಾಹಾರಿಗಳು. ಅನ್ನ ಮೊಸರು, ರಾಗಿ ಅಂಬಲಿ ಕೊಡುತ್ತಿದ್ದೇವೆ. ಅತ್ತೆ ಪ್ರೀತಿಯಿಂದ ಪಾಯಸ, ಹುಳಿಯನ್ನ ಎಲ್ಲ ಹಾಕಲು ಹೋಗುತ್ತಾರೆ. ಮಗ ತಟ್ಟೆ ಹಿಡಿದು ಮನೆಯೆಲ್ಲ ಓಡಾಡುತ್ತಾನೆ, ಅದು ಹಿಂದೆ ಹಿಂದೆ ಹೋಗುತ್ತದೆ.

ಶಿವಮೊಗ್ಗದ ಪಶುವೈದ್ಯ

ರಾಗಿ, ಅನ್ನ ಹೊಟ್ಟೆ ತುಂಬಿಸುತ್ತವೆ, ಪ್ರೋಟೀನ್ ಸಾಲದು. ಮೊಟ್ಟೆ ಒಪ್ಪಿಗೆ ಇದ್ದರೆ ಬೇಯಿಸಿ ಕೊಡಿ. ಅದೂ ಬೇಡ ಅಂದರೆ ಅಂಗಡಿಯಲ್ಲಿ ಸಿಗುವ ಪೂರ್ಣ ಆಹಾರದ ಪೆಲೆಟ್ ಒಳ್ಳೆಯದು, ಅದರಿಂದ ಅಡುಗೆಮನೆಯ ಮಡಿಗೂ ತೊಂದರೆ ಇಲ್ಲ. ಒಮ್ಮೆಲೇ ಬದಲಿಸಬೇಡಿ, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬನ್ನಿ.

ಪಾಯಸ ಖಂಡಿತ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ, ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳಲು ಆಗುವುದಿಲ್ಲ. ಕೇಸರಿಬಾತಿನಲ್ಲೂ ಇರುತ್ತದೆ, ನೆನಪಿರಲಿ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳಿಗೆ ಕೆಟ್ಟದ್ದು, ಸಾರು, ಪಲ್ಯ ಹಾಕಬೇಡಿ. ಮಕ್ಕಳ ಚಾಕೊಲೇಟ್ ಕೈಗೆಟುಕದ ಜಾಗದಲ್ಲಿ ಇಡಿ. ಮಾಂಸಾಹಾರಿ ಮನೆಯವರಿಗೂ ಒಂದು ಮಾತು, ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳುತ್ತದೆ, ಕೊಡಬೇಡಿ.

ಹಾಸನದ ಫಾಸ್ಟರ್ ಅಕ್ಕ

ಮಗ ತಟ್ಟೆ ಹಿಡಿದು ಓಡಾಡುವುದನ್ನು ಇವತ್ತೇ ನಿಲ್ಲಿಸಿ. ಬೀದಿಯಲ್ಲಿ ಊಟಕ್ಕೆ ಜಗಳ ಮಾಡಿ ಬೆಳೆದದ್ದು ಅದು. ಮಕ್ಕಳು ಕೂತು ಊಟ ಮಾಡಲಿ, ಆಗ ಕೆಂಚಿ ಗೇಟಿನ ಆಚೆ ಇರಲಿ. ಅದು ಊಟ ಮಾಡುವಾಗ ಮಕ್ಕಳು ಆ ಕೋಣೆಯಲ್ಲೇ ಬೇಡ. ಅಭ್ಯಾಸ ಆಗಲಿ ಅಂತ ನಾಯಿ ತಿನ್ನುವಾಗ ಬಟ್ಟಲಿಗೆ ಕೈ ಹಾಕುವವರಿದ್ದಾರೆ, ಅದು ತಪ್ಪು ದಾರಿ. ಕೈ ಬಂದರೆ ಊಟ ಹೋಗುತ್ತದೆ ಅಂತಲೇ ಅದು ಕಲಿಯುತ್ತದೆ. ಬದಲಿಗೆ ದೊಡ್ಡವರು ಯಾರಾದರೂ ದೂರದಿಂದ ಹೋಗುತ್ತಾ ಇನ್ನೂ ರುಚಿಯಾದ ಒಂದು ತುಂಡು ಬಟ್ಟಲಿನ ಕಡೆ ಎಸೆದು ಮುಂದೆ ಹೋಗಿ. ಮನುಷ್ಯ ಹತ್ತಿರ ಬಂದರೆ ಲಾಭ ಅಂತ ಗೊತ್ತಾಗಲಿ. ಬಾಯಲ್ಲಿ ಮಗುವಿನ ಆಟಿಕೆ ಇದ್ದರೆ ಕಿತ್ತುಕೊಳ್ಳಬೇಡಿ, ಒಂದು ತಿಂಡಿ ತೋರಿಸಿ ಬದಲಾಯಿಸಿಕೊಳ್ಳಿ.

ಮಿಕ್ಸಿಯ ಹೆದರಿಕೆಗೂ ಅದೇ ಉಪಾಯ. ಮೊದಲು ದೂರದ ಕೋಣೆಯಲ್ಲಿ ಒಬ್ಬರು ತಿಂಡಿ ಕೊಡುತ್ತಿರಲಿ, ಇನ್ನೊಬ್ಬರು ಮಿಕ್ಸಿಯನ್ನು ಒಂದು ಕ್ಷಣ ಹಾಕಿ ನಿಲ್ಲಿಸಲಿ. ಕುಕ್ಕರ್ ಸೀಟಿ, ಟಿವಿ, ಫ್ಯಾನ್ ಎಲ್ಲವೂ ಅದಕ್ಕೆ ಹೊಸದು.

ಹೊರಗೆ ಕರೆದುಕೊಂಡು ಹೋಗುವಾಗ ಕುತ್ತಿಗೆಯ ಬೆಲ್ಟಿನ ಜೊತೆ ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಹಾಕಿ, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ. ಹೊಸದಾಗಿ ಬಂದ ನಾಯಿ ಹೆದರಿದರೆ ಹಿಂದಕ್ಕೆ ಎಳೆದು ಬೆಲ್ಟಿನಿಂದ ತಲೆ ಬಿಡಿಸಿಕೊಂಡು ಓಡುತ್ತದೆ. ಅದಕ್ಕೆ ಮನೆಯ ದಾರಿಯೂ ಇನ್ನೂ ಗೊತ್ತಿರುವುದಿಲ್ಲ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಇರುವ ಬಿಲ್ಲೆ ಹಾಕಿಸಿ. ಹಾಲಿನವರು, ಕೊರಿಯರ್ ಬಂದಾಗ ಮಕ್ಕಳು ಬಾಗಿಲು ತೆರೆಯುವುದು ಬೇಡ. ಹಗ್ಗ ಹಿಡಿಯುವುದು ಸದ್ಯಕ್ಕೆ ದೊಡ್ಡವರ ಕೆಲಸ, ಮಗಳಿಗೆ ಇನ್ನೊಂದು ಹಗ್ಗದ ತುದಿ ಕೊಟ್ಟರೆ ಸಾಕು.

ಬೆಂಗಳೂರು ಫ್ಲ್ಯಾಟ್ ವಾಸಿ

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ನಾವೂ ದೊಡ್ಡ ನಾಯಿ ತರಬೇಕೆಂದಿದ್ದೇವೆ. ಲಿಫ್ಟಿನಲ್ಲಿ ನಾಯಿ ಬೇಡ ಅಂತ ನಮ್ಮ ಅಸೋಸಿಯೇಷನ್ ಹೇಳುತ್ತಿದೆ.

ತುಮಕೂರಿನ ಮೇಷ್ಟ್ರು

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಸಾಕುನಾಯಿಯನ್ನು ಅಸೋಸಿಯೇಷನ್ ನಿಷೇಧಿಸುವ ಹಾಗಿಲ್ಲ, ಬಹುಮತ ಇದ್ದರೂ ಆಗುವುದಿಲ್ಲ ಅಂತ ಅದು ಹೇಳುತ್ತದೆ. ಲಿಫ್ಟಿನ ಬಗ್ಗೆಯೂ ಅದರಲ್ಲಿದೆ. ಪ್ರತಿ ಕೊಂಡೊಯ್ದು ಸಮಾಧಾನವಾಗಿ ಮಾತಾಡಿ. ಆದರೆ ಅಕ್ಕಪಕ್ಕದವರ ಮಕ್ಕಳಿಗೂ ಹೆದರಿಕೆ ಇರುತ್ತದೆ. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮುಂದಿನದಕ್ಕೆ ಕಾಯಿರಿ, ಹಗ್ಗ ಗಿಡ್ಡವಾಗಿ ಹಿಡಿಯಿರಿ, ಮಲ ನೀವೇ ತೆಗೆಯಿರಿ. ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಕೂಡ ಮಾಡಿಸಿಕೊಳ್ಳಿ.

ಮೈಸೂರಿನ ತಾಯಿ

ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ಗೇಟು ಬಂತು. ಡಾಕ್ಟರ್ ಹಿಂಗಾಲಿನ ಎಕ್ಸ್‌ರೇ ತೆಗೆಸಿದರು, ಕೂಡಿದ ಜಾಗದಲ್ಲಿ ನೋವಿದೆ ಅಂತ ಔಷಧಿ ಕೊಟ್ಟಿದ್ದಾರೆ. ಅದು ಶುರುವಾದ ಮೇಲೆ ಓಡಾಟ ಜಾಸ್ತಿಯಾಗಿದೆ. ಈಗ ಹಗಲಲ್ಲೇ ಊಟ ಮಾಡುತ್ತದೆ. ಮಗಳ ನೋಟ್‌ಬುಕ್ ತುಂಬುತ್ತಾ ಬಂದಿದೆ. ಕುಕ್ಕರಿನ ಮೊದಲ ಸೀಟಿಗೆ ಮಾತ್ರ ಕಿವಿ ನಿಮಿರುತ್ತದೆ, ಮೂರನೆಯದಕ್ಕೆ ಇಲ್ಲ ಅಂತ ಅವಳೇ ಕಂಡುಹಿಡಿದಳು. ಅತ್ತೆ ಬೆಳಿಗ್ಗೆ ಪೂಜೆ ಮುಗಿಸಿ ಕೂತಾಗ ಅವರ ಹತ್ತಿರ ಹೋಗಿ ಮಲಗುತ್ತದೆ, ಅವರು ಮುಟ್ಟುವುದಿಲ್ಲ, ಮಾತಾಡುತ್ತಾರೆ ಅಷ್ಟೇ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅವರನ್ನೇ ಹಚ್ಚಿಕೊಂಡಿದೆ. ಮಗನ ಹತ್ತಿರ ಗೇಟಿನ ಆಚೆಯಿಂದ ಬಂದು ಮೂಸಿ ಹೋಗುತ್ತದೆ. ಇನ್ನೂ ಮುಟ್ಟಿಸಿಲ್ಲ, ಅವಸರವೂ ಇಲ್ಲ.

ಈಗ ಎರಡು ಪ್ರಶ್ನೆ. ಮುಂದಿನ ತಿಂಗಳು ಮಗನ ಹುಟ್ಟುಹಬ್ಬ, ಮಕ್ಕಳು ತುಂಬಾ ಜನ ಬರುತ್ತಾರೆ. ಅದಾದ ಮೇಲೆ ದೀಪಾವಳಿ.

ಧಾರವಾಡದವ

ನೋವಿತ್ತು ಅನ್ನುವುದು ಓದಿ ಮನಸ್ಸಿಗೆ ಒಂಥರಾ ಆಯಿತು. ನೀವು ನಡೆಸುತ್ತಿರುವ ರೀತಿಯಲ್ಲಿ ಆದರೆ ನನ್ನ ಆಕ್ಷೇಪ ಇಲ್ಲ. ಹುಟ್ಟುಹಬ್ಬದ ದಿನ ಮಾತ್ರ ಯಾರ ಒತ್ತಾಯಕ್ಕೂ ನಾಯಿಯನ್ನು ಹೊರಗೆ ತರಬೇಡಿ.

ಹಾಸನದ ಫಾಸ್ಟರ್ ಅಕ್ಕ

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಕ್ಕಳು ಬರುವುದಕ್ಕೂ ಮೊದಲೇ ಚೆನ್ನಾಗಿ ಸುತ್ತಾಡಿಸಿ, ಒಳಗಿನ ಕೋಣೆಯಲ್ಲಿ ಹೊದಿಕೆ, ನೀರು, ಅಗಿಯಲು ಏನಾದರೂ ಕೊಟ್ಟು ಬಿಡಿ. ಬಾಗಿಲಿಗೆ ಚಿಲಕ ಹಾಕಿ, ಮೇಲೆ ಒಂದು ಚೀಟಿ ಅಂಟಿಸಿ. ನಿಮ್ಮ ಮಕ್ಕಳು ಕಲಿತಿದ್ದಾರೆ, ಬಂದ ಮಕ್ಕಳು ಕಲಿತಿಲ್ಲ. ಆ ಕೋಣೆಗೆ ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು ಬಿಟ್ಟು ರೂಢಿ ಮಾಡಿಸಿ, ಆ ದಿನ ಒಮ್ಮೆಲೇ ಕೂಡಿಹಾಕಿದರೆ ಗಾಬರಿಯಾಗುತ್ತದೆ.

ದೀಪಾವಳಿಗೂ ಅದೇ ಕೋಣೆ. ಕಿಟಕಿ ಮುಚ್ಚಿ, ಪರದೆ ಎಳೆಯಿರಿ, ಫ್ಯಾನ್ ಜೋರಾಗಿ ಹಾಕಿ. ಕತ್ತಲಾಗುವ ಮೊದಲೇ ಹೊರಗೆ ಸುತ್ತಾಡಿಸಿ ಒಳಗೆ ಕರೆತನ್ನಿ. ಆ ದಿನಗಳಲ್ಲಿ ಮೊದಲ ಪಟಾಕಿಗೆ ಓಡಿ ಕಳೆದುಹೋದ ನಾಯಿಗಳ ಪೋಸ್ಟ್ ಎಷ್ಟು ಬರುತ್ತವೆ ನೋಡಿದ್ದೀರಲ್ಲ, ಹಗ್ಗ ಎರಡೂ ಇರಲಿ. ಅದು ನಡುಗುತ್ತಾ ನಿಮ್ಮ ಹತ್ತಿರ ಬಂದರೆ ಸವರಿ ಸಮಾಧಾನ ಮಾಡಿ. ಹಾಗೆ ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು. ತುಂಬಾ ಹೆದರುವ ನಾಯಿಗೆ ಔಷಧಿಯೂ ಇದೆ, ಅದನ್ನು ಹಬ್ಬದ ಹಿಂದಿನ ದಿನ ಕೇಳಬೇಡಿ, ಈಗಲೇ ನಿಮ್ಮ ಡಾಕ್ಟರ ಹತ್ತಿರ ಮಾತಾಡಿಡಿ.

ಮೈಸೂರಿನ ತಾಯಿ

ಸರಿ ಅಕ್ಕ. ಕೋಣೆಯ ರೂಢಿ ನಾಳೆಯಿಂದಲೇ ಶುರು ಮಾಡುತ್ತೇವೆ. ಚೀಟಿ ಬರೆಯುವ ಕೆಲಸ ಮಗಳು ಈಗಲೇ ತೆಗೆದುಕೊಂಡಳು. ಕಾಲಿಗೆ ಡಾಕ್ಟರ ಹತ್ತಿರ ಸೋಮವಾರ ಮತ್ತೆ ಹೋಗಬೇಕು, ಪಟಾಕಿಯ ಔಷಧಿಯನ್ನು ಅಲ್ಲೇ ಕೇಳುತ್ತೇನೆ.